ಪದಪಟ್ಟಿ ಯಾಕಿಲ್ಲ? ಲಾಂದ್ರ ಯಾಕೆ ಬೇಕು? – ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ.

ಈ ವರ್ಷ ಎಂಟನೇ ಮತ್ತು ಒಂಬತ್ತನೇ ತರಗತಿ ಮಕ್ಕಳ ಇಂಗ್ಲಿಷ್ ನೋಟ್‌ಬುಕ್ಕಿನಲ್ಲಿ ದಿನಕ್ಕೆ ಹತ್ತು ಪದ, ಹತ್ತು ಅರ್ಥ ಬರೆಸುವ ಪಟ್ಟಿ ಕಾಣುತ್ತಿಲ್ಲವಲ್ಲ ಎಂದು ಪೋಷಕರ ಸಭೆಯಲ್ಲಿ ಹಲವರು ಕೇಳಿದಿರಿ. ಕೇಳಬೇಕಾದ ಪ್ರಶ್ನೆಯೇ ಅದು. ಸಭೆಯಲ್ಲಿ ಸಮಯ ಸಾಲದೆ ಎರಡು ಮಾತಿನಲ್ಲಿ ಮುಗಿಸಬೇಕಾಯಿತು. ಅದಕ್ಕೇ ಈ ಪತ್ರ. ಕೊನೆಯಲ್ಲಿ ನಿಮ್ಮಿಂದ ಒಂದು ಸಹಾಯವನ್ನೂ ಕೇಳುತ್ತಿದ್ದೇನೆ.

ಲ್ಯಾಂಟರ್ನ್ ಅಂದರೆ ಲಾಂದ್ರ. ಹೀಗೆ ಒಂದು ಸಾಲು ಬಾಯಿಪಾಠ ಮಾಡಿದ ಮಗುವಿಗೆ ಕಿರುಪರೀಕ್ಷೆಯಲ್ಲಿ ಒಂದು ಅಂಕ ಸಿಗುತ್ತದೆ. ಮುಂದೆ ಅದೇ ಮಗು ಪ್ರಾಣಿಶಾಸ್ತ್ರ ಓದುವಾಗ ‘ಅರಿಸ್ಟಾಟಲ್ಸ್ ಲ್ಯಾಂಟರ್ನ್’ ಎಂಬ ಮಾತು ಎದುರಾಗುತ್ತದೆ. ಅಲ್ಲಿ ದೀಪವೂ ಇಲ್ಲ, ಬೆಳಕೂ ಇಲ್ಲ. ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಗೆ ಐದು ಹಲ್ಲುಗಳ ದವಡೆ ಇರುತ್ತದೆ, ಅದಕ್ಕೆ ಈ ಹೆಸರು. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸಿನ ಅರಿಸ್ಟಾಟಲ್ ಈ ಪ್ರಾಣಿಯನ್ನು ವರ್ಣಿಸುವಾಗ ಲಾಂದ್ರಕ್ಕೆ ಹೋಲಿಸಿದ್ದ. ಇಂಗ್ಲೆಂಡಿನ ಈಲಿ ಪಟ್ಟಣದ ಚರ್ಚಿನ ನೆತ್ತಿಯ ಮೇಲೂ ಒಂದು ಲ್ಯಾಂಟರ್ನ್ ಇದೆ. 1322ರಲ್ಲಿ ಅಲ್ಲಿನ ನಡುಗೋಪುರ ಕುಸಿದುಬಿದ್ದಾಗ, ಆ ಜಾಗದಲ್ಲಿ ಎಂಟು ಮೂಲೆಯ ಕಟ್ಟಡ ಎಬ್ಬಿಸಿ, ಮೇಲೆ ಸುತ್ತಲೂ ಕಿಟಕಿಗಳಿರುವ ಮರದ ಗೋಪುರ ಕೂರಿಸಿದರು. ಹೊರಗಿನ ಬೆಳಕನ್ನು ಒಳಗಿಳಿಸುವ ಅಂಥ ಗೋಪುರಕ್ಕೂ ಲ್ಯಾಂಟರ್ನ್ ಎಂದೇ ಹೆಸರು. ಇನ್ನು ಲ್ಯಾಂಟರ್ನ್ ಫ್ಲೈ ಎಂಬ ಕೀಟವಿದೆ. ಅದರ ಉದ್ದನೆಯ ತಲೆ ರಾತ್ರಿ ಬೆಳಗುತ್ತದೆಂದು ಮರಿಯಾ ಸಿಬಿಲ್ಲಾ ಮೆರಿಯನ್ ಎಂಬಾಕೆ ಸುರಿನಾಮಿನ ಕೀಟಗಳ ಬಗ್ಗೆ 1705ರಲ್ಲಿ ಹೊರತಂದ ಪುಸ್ತಕದಲ್ಲಿ ಬರೆದಳು. ಅದು ಬೆಳಗುವುದಿಲ್ಲ, ಆದರೆ ಹೆಸರು ಅಂಟಿಕೊಂಡಿತು.

ಒಂದು ಪದಕ್ಕೆ ಇಷ್ಟೆಲ್ಲ ಅರ್ಥವನ್ನು ಉರು ಹೊಡೆಸಬೇಕೇ ಎಂದು ಕೇಳುತ್ತೀರಿ. ಖಂಡಿತ ಬೇಡ. ಸುತ್ತ ಮರೆ, ನಡುವೆ ಬೆಳಕು, ಆ ಮರೆಯ ಮೂಲಕ ಬೆಳಕು ದಾಟಬೇಕು. ಈ ಚಿತ್ರ ಮನಸ್ಸಿನಲ್ಲಿ ಕೂತ ಮಗುವಿಗೆ ಈಲಿಯ ಗೋಪುರವನ್ನು ಬೇರೆ ಹೇಳಿಕೊಡಬೇಕಾಗಿಲ್ಲ. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಈ ಪದವನ್ನು ‘ಲ್ಯಾಂಟ್‌ಹಾರ್ನ್’ ಎಂದೂ ಬರೆದಿದ್ದಾರೆ. ಹಾರ್ನ್ ಎಂದರೆ ಕೊಂಬು. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ದನದ ಕೊಂಬನ್ನು ನೀರಿನಲ್ಲಿ ನೆನೆಸಿ, ಬಿಸಿಮಾಡಿ ಮೆದು ಮಾಡಿ, ಸೀಳಿ, ಒತ್ತಿ ಚಪ್ಪಟೆ ಮಾಡಿ, ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು ಲಾಂದ್ರದ ನಾಲ್ಕು ಬದಿಗೆ ಕೂರಿಸುತ್ತಿದ್ದರು. ಕಣ್ಣೆದುರು ಕೊಂಬು ಇದ್ದುದರಿಂದ ಜನ ಅದನ್ನು ಪದದೊಳಗೂ ಸೇರಿಸಿಬಿಟ್ಟರು. ನಿಜಕ್ಕೂ ಪದ ಬಂದದ್ದು ಲ್ಯಾಟಿನ್ನಿನ ಲಾಂಟೆರ್ನಾದಿಂದ. ಅದರ ಹಿಂದೆ ಬೆಳಗು ಎಂಬರ್ಥದ ಗ್ರೀಕ್ ಪದವಿದೆ, ಲ್ಯಾಂಪ್ ಹುಟ್ಟಿದ್ದೂ ಅಲ್ಲೇ. ಯುರೋಪಿನವರ ಜೊತೆ ಹಡಗಿನಲ್ಲಿ ಬಂದ ಆ ಪದ ನಮ್ಮ ನಾಲಗೆಯ ಮೇಲೆ ಲಾಟೀನು, ಲಾಂದ್ರ ಆಯಿತು.

ಇನ್ನು ಕಂದೀಲು. ಅದು ಅರಬ್ಬೀ, ಪಾರಸಿಯ ದಾರಿಯಲ್ಲಿ ನಮಗೆ ಬಂತು. ಅರಬ್ಬಿಗೆ ಗ್ರೀಕಿನ ಮೂಲಕ ಬಂದದ್ದು ಲ್ಯಾಟಿನ್ನಿನ ಕಾಂಡೇಲಾ. ಇಂಗ್ಲಿಷಿನ ಕ್ಯಾಂಡಲ್ಲಿಗೂ ಅದೇ ತಾಯಿ. ಬೆಳಕಿನ ತೀಕ್ಷ್ಣತೆ ಅಳೆಯುವ ಮಾನ ಕ್ಯಾಂಡೆಲಾ ಅದೇ ಮನೆಯದು. ಬೆಳ್ಳಗೆ ಹೊಳೆಯುವುದು ಎಂಬುದೇ ಆ ಮನೆಯ ಮೂಲ ಅರ್ಥ. ಹಾಗಾಗಿ ಚುನಾವಣೆಯ ಕ್ಯಾಂಡಿಡೇಟ್ ಕೂಡ ಆ ಮನೆಯವನೇ: ರೋಮಿನಲ್ಲಿ ಹುದ್ದೆ ಬಯಸಿ ಜನರ ಮುಂದೆ ಬರುವವರು ಸೀಮೆಸುಣ್ಣ ಹಚ್ಚಿ ಬೆಳ್ಳಗೆ ಮಾಡಿದ ಮೇಲುಡುಪು ತೊಡುತ್ತಿದ್ದರು. ನಮ್ಮ ಚಂದ್ರ ಇವರಿಗೆಲ್ಲ ದೂರದ ದಾಯಾದಿ. ಹಾಗೆಂದು ಕ್ಯಾಂಡಲ್ ಸಂಸ್ಕೃತದಿಂದ ಹೋಯಿತು ಎಂದು ದಯವಿಟ್ಟು ಮಕ್ಕಳಿಗೆ ಹೇಳಬೇಡಿ, ವಾಟ್ಸಾಪಿನಲ್ಲಿ ಎಷ್ಟೇ ಬಾರಿ ಬಂದರೂ ಸರಿ. ಸಂಸ್ಕೃತ, ಲ್ಯಾಟಿನ್ ಎರಡೂ ಇನ್ನೂ ಹಳೆಯ ಒಂದು ಭಾಷೆಯಿಂದ ಕವಲೊಡೆದವು. ಕಿವಿಗೆ ಒಂದೇ ಥರ ಕೇಳಿದ ಮಾತ್ರಕ್ಕೆ ನೆಂಟಸ್ತನ ಸಿದ್ಧವಾಗುವುದೂ ಇಲ್ಲ. ನಮ್ಮ ಕಾಡು, ಬೇಲಿಗಳನ್ನೆಲ್ಲ ಆವರಿಸಿರುವ ಲಂಟಾನಕ್ಕೂ ಲ್ಯಾಂಟರ್ನಿಗೂ ಸಂಬಂಧವಿಲ್ಲ. ಬೆಂಕಿಕಡ್ಡಿಯ ಮ್ಯಾಚ್ ಫ್ರೆಂಚರ ದೀಪದ ಬತ್ತಿಯಿಂದ ಬಂದದ್ದು, ಕ್ರಿಕೆಟ್ ಮ್ಯಾಚ್ ‘ಜೊತೆಗಾರ, ಸಮಾನ’ ಎಂಬರ್ಥದ ಹಳೆಯ ಇಂಗ್ಲಿಷ್ ಪದದಿಂದ. ಬೆಳಕು ಎಂಬ ಲೈಟೇ ಬೇರೆ, ಹಗುರ ಎಂಬ ಲೈಟೇ ಬೇರೆ. ಎರಡನೆಯದು ನಮ್ಮ ವ್ಯಾಕರಣ ಪಾಠದ ಲಘುವಿಗೆ ಬಂಧು. ಇದನ್ನು ಹೇಳಿದ ದಿನ ಒಂಬತ್ತನೇ ತರಗತಿಯವರು ಛಂದಸ್ಸಿನ ಪ್ರಸ್ತಾರ ಹಾಕುವಾಗ ಲಘುವನ್ನೆಲ್ಲ ‘ಲೈಟ್’ ಎಂದೇ ಕರೆದರು, ಒಬ್ಬರೂ ತಪ್ಪಲಿಲ್ಲ.

ನನಗೆ ಎಲ್ಲಕ್ಕಿಂತ ಸಂತೋಷ ಕೊಟ್ಟದ್ದು ಚಿಮಣಿಯ ಪಾಠ. ಚಿಮ್ನಿ ಎಂದರೆ ಹೊಗೆಗೂಡು ಎಂದು ಹಳೆಯ ಪಟ್ಟಿಯಲ್ಲಿತ್ತು. ಎಂಟನೇ ತರಗತಿಯ ಒಬ್ಬಳು ಎದ್ದು ನಿಂತು, ‘ಮಿಸ್, ನಮ್ಮಜ್ಜಿ ಧಾರವಾಡದ ಕಡೆಯವರು. ಅವರು ಸೀಮೆಎಣ್ಣೆಗೆ ಚಿಮಣಿ ಎಣ್ಣಿ ಅಂತಾರೆ’ ಎಂದಳು. ಆಕೆ ಹೇಳಿದ್ದರಲ್ಲಿ ಪೂರ್ತಿ ಪಾಠವೇ ಇತ್ತು. ಗ್ರೀಕಿನಲ್ಲಿ ಕಾಮಿನೋಸ್ ಎಂದರೆ ಕುಲುಮೆ, ಒಲೆ. ಲ್ಯಾಟಿನ್ನಿನಲ್ಲಿ ಅದರಿಂದ ಒಲೆಯಿರುವ ಕೋಣೆಗೆ ಹೆಸರು ಬಂತು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು, ಕೊನೆಗೆ ಒಲೆಯ ಮೇಲಿನ ಹೊಗೆಗೂಡಿಗೆ ನಿಂತಿತು. 1780ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಎಮೆ ಆರ್ಗಾಂಡ್ ತನ್ನ ಹೊಸ ದೀಪದ ಜ್ವಾಲೆಯ ಸುತ್ತ ಕೊಳವೆ ನಿಲ್ಲಿಸಿದ. ಬಿಸಿಗಾಳಿ ಮೇಲೇರಿದಂತೆ ಕೆಳಗಿನಿಂದ ಹೊಸ ಗಾಳಿ ಎಳೆದುಕೊಂಡು ಜ್ವಾಲೆ ಅಲುಗದೆ, ಹೊಗೆ ಕಡಿಮೆಯಾಗಿ ಉರಿಯಿತು. ಹೊಗೆಗೂಡಿನ ಕೆಲಸವನ್ನೇ ಮಾಡುವ ಆ ಗಾಜಿನ ಕೊಳವೆಗೂ ಚಿಮ್ನಿ ಎಂದರು. ನಮ್ಮಲ್ಲಿ ಗಾಜಿನ ಹೆಸರು ದೀಪಕ್ಕೇ ಬಂತು, ಎಷ್ಟರಮಟ್ಟಿಗೆ ಎಂದರೆ ಗಾಜೇ ಇಲ್ಲದ ತಗಡಿನ ಬುಡ್ಡಿಯೂ ಚಿಮಣಿಯಾಯಿತು. ಆಮೇಲೆ ದೀಪದ ಹೆಸರು ಎಣ್ಣೆಗೆ ಹೋಯಿತು. ಒಲೆಯಿಂದ ಹೊರಟ ಪದ ಅಜ್ಜಿಯ ಎಣ್ಣೆಡಬ್ಬಿಗೆ ಬಂದು ಸೇರಿದೆ. ಜ್ವಾಲೆ ಯಾಕೆ ಅಲುಗುವುದಿಲ್ಲ ಎಂಬ ಪ್ರಶ್ನೆಯನ್ನು ಮಕ್ಕಳು ಅಲ್ಲಿಂದ ನೇರವಾಗಿ ವಿಜ್ಞಾನದ ಮೇಷ್ಟ್ರ ಬಳಿ ಒಯ್ದರು.

ಪಟ್ಟಿ ನಿಲ್ಲಿಸಿದ್ದು ಈ ಕಾರಣಕ್ಕೆ. ಮಕ್ಕಳು ಈಗ ವಾರಕ್ಕೆ ಎರಡು ಪದಗಳನ್ನು ಹಿಡಿದು, ಅವುಗಳ ಅರ್ಥ, ಬಳಕೆ, ಬಂಧುಗಳನ್ನೆಲ್ಲ ಒಂದು ಪುಟದಲ್ಲಿ ಬರೆಯುತ್ತಾರೆ. ಪದಗಳ ಸಂಖ್ಯೆ ಕಡಿಮೆಯೆನ್ನಿಸಬಹುದು. ಆದರೆ ಒಂದು ಕಾಂಡೇಲಾದ ಹಿಂದೆ ಮೂರು ನಾಲ್ಕು ಪದ ತಾವಾಗಿ ಬರುತ್ತವೆ, ಬಂದವು ಬೇಗ ಮರೆಯುವುದಿಲ್ಲ. ಕಾಗುಣಿತದ ಪರೀಕ್ಷೆಯೂ ಮೊದಲಿನಂತೆ ಇರುತ್ತದೆ, ಅದನ್ನು ಬಿಟ್ಟಿಲ್ಲ.

ನಿಮ್ಮಿಂದ ಬೇಕಾದ ಸಹಾಯ ಇಷ್ಟೇ. ಮಗು ‘ನೀವು ಇದನ್ನು ಏನಂತೀರಿ’ ಎಂದು ಕೇಳಿದಾಗ ಪುಸ್ತಕದ ಪದ ಹುಡುಕಬೇಡಿ, ನಿಮ್ಮ ಮನೆಯಲ್ಲಿ ಆಡುವುದನ್ನೇ ಹೇಳಿ. ಕರಾವಳಿಯಿಂದ ಬಂದವರು ಗೂಡುದೀಪ ಎನ್ನಿ, ಈ ಕಡೆಯವರು ಆಕಾಶಬುಟ್ಟಿ ಎನ್ನಿ. ಉರ್ದು, ತಮಿಳು, ತುಳು, ಲಂಬಾಣಿ ಮಾತಾಡುವ ಮನೆಗಳ ಪದಗಳೂ ನಮಗೆ ಬೇಕು. ಇಂಗ್ಲಿಷ್ ಬರದು ಎಂದು ಹಿಂಜರಿಯುವ ತಾಯಂದಿರು, ಅಜ್ಜ ಅಜ್ಜಿಯರು ಈ ಪಾಠದಲ್ಲಿ ನಮಗಿಂತ ಹೆಚ್ಚು ಕಲಿಸಬಲ್ಲರು.

ಅಟ್ಟದ ಮೇಲೆ ಹಳೆಯ ಲಾಂದ್ರ, ಬುಡ್ಡಿದೀಪ, ಗ್ಯಾಸ್‌ಲೈಟು ಇದ್ದರೆ ಮುಂದಿನ ಶನಿವಾರದೊಳಗೆ ಎರಡು ವಾರದ ಮಟ್ಟಿಗೆ ಶಾಲೆಗೆ ಕಳುಹಿಸಿಕೊಡಿ. ಎಣ್ಣೆ ಪೂರ್ತಿ ಬಸಿದಿರಬೇಕು. ಗಾಜನ್ನು ಬೇರೆ ತೆಗೆದು ಬಟ್ಟೆ ಸುತ್ತಿ, ಸಾಧ್ಯವಾದರೆ ದೊಡ್ಡವರೇ ತಂದುಕೊಡಿ. ಮೇಲೊಂದು ಚೀಟಿಯಲ್ಲಿ ಮಗುವಿನ ಹೆಸರು, ತರಗತಿ ಮತ್ತು ನಿಮ್ಮ ಮನೆಯಲ್ಲಿ ಆ ದೀಪಕ್ಕೆ ಕರೆಯುತ್ತಿದ್ದ ಹೆಸರು ಬರೆದಿರಲಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ