ಕ್ರೂಸ್ ಹಡಗಿನವರೇ, ಟ್ಯಾಕ್ಸ್‌ಗೆ ಮೊದಲು ದಿನ ಎಣಿಸಿ

ಎಲ್ಲರಿಗೂ ನಮಸ್ಕಾರ. "ಹಡಗಿನ ಸಂಬಳಕ್ಕೆ ಟ್ಯಾಕ್ಸೇ ಇಲ್ಲ" ಅಂತ ಗುಂಪಿನಲ್ಲಿ ಮತ್ತೆ ಮೆಸೇಜ್ ಓಡಾಡುತ್ತಿದೆ. ಅದು ಅರ್ಧ ನಿಜ ಅಷ್ಟೇ.

ಏಪ್ರಿಲ್ 1ರಿಂದ ಮಾರ್ಚ್ 31ರೊಳಗೆ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ತೆರಿಗೆ ಲೆಕ್ಕದಲ್ಲಿ ನೀವು ಎನ್‌ಆರ್‌ಐ, ಅಂದರೆ ಅನಿವಾಸಿ. ಆಗ ಹೊರಗೆ ದುಡಿದ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ಅದು ಇಲ್ಲಿನ ಎನ್‌ಆರ್‌ಇ ಖಾತೆಗೆ (ಹೊರಗಿನ ದುಡಿಮೆ ಇಡಲು ಎನ್‌ಆರ್‌ಐಗಳಿಗಿರುವ ಬ್ಯಾಂಕ್ ಖಾತೆ) ಬಂದರೂ ಭಯ ಬೇಡ, 2017ರಲ್ಲೇ ಸಿಬಿಡಿಟಿ (ಕೇಂದ್ರ ನೇರ ತೆರಿಗೆ ಮಂಡಳಿ) ಸುತ್ತೋಲೆ ಹೊರಡಿಸಿ ಇದನ್ನು ಸ್ಪಷ್ಟಪಡಿಸಿದೆ.

ಎಡವಟ್ಟಾಗುವುದು ಕಾಂಟ್ರಾಕ್ಟ್ ಎರಡು ಹಣಕಾಸು ವರ್ಷಕ್ಕೆ ಹಂಚಿಹೋದಾಗ. ಏಪ್ರಿಲ್‌ನಿಂದ ಊರಲ್ಲೇ ಇದ್ದು ಅಕ್ಟೋಬರ್ 15ಕ್ಕೆ ವಿಮಾನ ಹತ್ತಿದಿರಿ ಅಂದುಕೊಳ್ಳಿ. ಅಷ್ಟರಲ್ಲಿ 190 ದಿನ ದಾಟಿರುತ್ತದೆ. ಮುಂದೆ ಒಂಬತ್ತು ತಿಂಗಳು ಹಡಗಿನಲ್ಲಿದ್ದರೂ ಆ ವರ್ಷಕ್ಕೆ ನೀವು ರೆಸಿಡೆಂಟ್ (ನಿವಾಸಿ), ಮಾರ್ಚ್‌ವರೆಗಿನ ಸಂಬಳ ತೆರಿಗೆಗೆ ಬೀಳಬಹುದು. ಏಜೆಂಟರು ಇದನ್ನು ಹೇಳುವುದಿಲ್ಲ ಬಿಡಿ. ಜಾಯಿನಿಂಗ್ ದಿನಾಂಕ ಒಪ್ಪಿಕೊಳ್ಳುವ ಮೊದಲೇ ಕ್ಯಾಲೆಂಡರ್ ನೋಡಿ. ಸರಿಯಾಗಿ 181ಕ್ಕೆ ತಂದು ನಿಲ್ಲಿಸುವ ಸಾಹಸ ಬೇಡ. ಬಂದ ದಿನ, ಹೋದ ದಿನದ ಲೆಕ್ಕದಲ್ಲೇ ಜಗಳ ಶುರುವಾಗುತ್ತದೆ.

ಪಾಸ್‌ಪೋರ್ಟ್ ಮುದ್ರೆ, ಸಿಡಿಸಿಯ (ನಾವಿಕರ ದಾಖಲೆ ಪುಸ್ತಕ) ಸೈನ್ ಆನ್–ಸೈನ್ ಆಫ್ ಪುಟ, ಅಂದರೆ ಹಡಗಿನ ಕೆಲಸಕ್ಕೆ ಸೇರಿದ–ಬಿಟ್ಟ ದಿನದ ಪುಟ, ಕಾಂಟ್ರಾಕ್ಟ್, ಸಂಬಳದ ಚೀಟಿ, ಎಲ್ಲದರ ಫೋಟೊ ಇಟ್ಟುಕೊಳ್ಳಿ.

ಇನ್ನು ಬಾಡಿಗೆ, ಎನ್‌ಆರ್‌ಒ (ಎನ್‌ಆರ್‌ಐಗಳು ಇಲ್ಲಿನ ಆದಾಯ ಇಡುವ ಖಾತೆ) ಎಫ್‌ಡಿ ಬಡ್ಡಿ ಇವು ಇಲ್ಲಿನ ಆದಾಯವೇ. ಆ ಬಡ್ಡಿಗೆ ಬ್ಯಾಂಕು ಶೇ. 30 ತೆರಿಗೆ ಮತ್ತು ಸೆಸ್ ಮೊದಲೇ ಹಿಡಿಯುತ್ತದೆ. ಜಾಸ್ತಿ ಹಿಡಿದಿದ್ದರೆ ರಿಟರ್ನ್ ಹಾಕಿದರಷ್ಟೇ ವಾಪಸ್. ಎನ್‌ಆರ್‌ಐಗಳಿಗೆ ಐಟಿಆರ್-1 ಎಂಬ ರಿಟರ್ನ್ ಫಾರ್ಮ್ ನಡೆಯುವುದಿಲ್ಲ, ಸಂಬಳ–ಬಡ್ಡಿ–ಬಾಡಿಗೆಯವರು ಐಟಿಆರ್-2 ತುಂಬಬೇಕು. ಅನುಮಾನ ಇದ್ದವರು ನಾವಿಕರ ಫೈಲ್ ನೋಡಿ ಗೊತ್ತಿರುವ ಸಿಎ ಹತ್ತಿರ ಹೋಗಿ.