ದುಬೈಯಿಂದ ಗಾಲ್ಫ್ ಸೆಟ್ ತರುವ ಮೊದಲು

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಫೋಟೊ ನೋಡಿದೆ. ಬ್ಯಾಗು, ಚಕ್ರದ ಗಾಡಿ, ಚೆಂಡು ಹೊಡೆಯುವ 14 ಕ್ಲಬ್, ಎಲ್ಲ ಸೇರಿ ಅರ್ಧ ಬೆಲೆ. ಇದನ್ನೇ ತೆಗೆದುಕೊಂಡು ಊರಿಗೆ ಬರಲಾ ಎಂದು ಕೇಳಿದ್ದೀಯ. ಬೇಡ ಮಾರಾಯಾ. ಸೆಟ್ಟಿನಲ್ಲಿ ದೋಷ ಉಂಟು ಅಂತಲ್ಲ, ನಿನ್ನ ಸ್ವಿಂಗಿಗೆ, ಅಂದರೆ ನೀನು ಬೀಸುವ ರೀತಿಗೆ, ಹೊಂದುತ್ತದಾ ಎಂದು ಯಾರೂ ನೋಡಿಲ್ಲ. ಮತ್ತೆ, 14 ಅನ್ನುವುದು ನಿಯಮದ ಪ್ರಕಾರ ಹೆಚ್ಚೆಂದರೆ ಇಟ್ಟುಕೊಳ್ಳಬಹುದಾದ ಲೆಕ್ಕ. ಅಷ್ಟೂ ಇರಲೇಬೇಕು ಅಂತ ಎಲ್ಲೂ ಇಲ್ಲ.

ಪೆರ್ಲದ ಅಡಿಕೆ ತೋಟದಲ್ಲಿ ಕೂತವನು ದುಬೈಯವನಿಗೆ ಗಾಲ್ಫ್ ಹೇಳಿಕೊಡುತ್ತಾನೆ ಎಂದು ನಗಬೇಡ. ನಿಮ್ಮ ತೋಟಕ್ಕೂ ಈಗ ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದಿದೆಯಲ್ಲ? ಅಂಗಡಿಯವರು ಗ್ರಾಫೈಟ್ ಶಾಫ್ಟ್ ಅನ್ನುವ ಕ್ಲಬ್ಬಿನ ಕೋಲೂ ಅದೇ ಕಾರ್ಬನ್ನಿನದು. ಕೊಯ್ಲಿನವರು ಹೊಸ ದೋಟಿ ಕೈಗೆ ಬಂದರೆ ಏನು ಮಾಡುತ್ತಾರೆ? ಎತ್ತಿ ಹಿಡಿದು, ತುದಿ ಎಷ್ಟು ಬಳುಕುತ್ತದೆ, ತೋಳಿಗೆ ಎಷ್ಟು ಭಾರ ಬರುತ್ತದೆ ಎಂದು ನೋಡುತ್ತಾರೆ. ಕಂಪನಿ ಹೆಸರು ಕೇಳುವುದು ಆಮೇಲೆ. ಶಾಫ್ಟನ್ನೂ ಹಾಗೆಯೇ ನೋಡು.

ಶಾಫ್ಟಿನ ಮೇಲೆ ಆರ್, ಎಸ್ ಅಂತ ಅಕ್ಷರ ಇರುತ್ತದೆ. ಆರ್ ಅಂದರೆ ರೆಗ್ಯುಲರ್, ಮಾಮೂಲಿ ಬಳುಕು; ಎಸ್ ಅಂದರೆ ಸ್ಟಿಫ್, ಗಟ್ಟಿ. ತುಂಬ ದೂರ ಹೊಡೆಯುವ ಉದ್ದನೆ ಕ್ಲಬ್ಬಾದ ಡ್ರೈವರ್ ಬೀಸುವ ವೇಗ ಗಂಟೆಗೆ 85ರಿಂದ 95 ಮೈಲಿ ಇದ್ದರೆ ಆರ್, ಅದಕ್ಕಿಂತ ಜಾಸ್ತಿ ಇದ್ದರೆ ಎಸ್ ಅನ್ನುವುದು ರೂಢಿ. ಆದರೆ ಈ ಅಕ್ಷರಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆ ಅಂತ ಏನೂ ಇಲ್ಲ. ಒಬ್ಬರ ಆರ್ ಇನ್ನೊಬ್ಬರ ಎಸ್‌ನಷ್ಟೇ ಗಟ್ಟಿ ಇರಬಹುದು. ಕ್ರಿಕೆಟ್ ಆಡಿದ ಕೈ, ಸ್ಟಿಫ್ಫೇ ಬೇಕು ಎಂದು ಹಟ ಹಿಡಿಯಬೇಡ. ನಿನಗೆ ಶಾಫ್ಟ್ ತೀರಾ ಗಟ್ಟಿಯಾದರೆ ಚೆಂಡು ಸಾಮಾನ್ಯವಾಗಿ ತಗ್ಗಿನಲ್ಲಿ ಹೋಗಿ ಬಲಕ್ಕೆ ಬೀಳುತ್ತದೆ. ನಿನ್ನದು ಮೊದಲೇ ಬಲಕ್ಕೆ ಓಡುವ ಚೆಂಡು, ಅಲ್ವಾ?

ಅದಕ್ಕಿಂತ ಮೊದಲು ನೋಡಬೇಕಾದ್ದು ಕ್ಲಬ್ಬಿನ ತಲೆ ಶಾಫ್ಟಿಗೆ ಕೂತಿರುವ ಕೋನ. ಲೈ ಆಂಗಲ್ ಅನ್ನುತ್ತಾರೆ. ಇದನ್ನು ನೀನೇ ನೋಡಬಹುದು. ಚೆಂಡಿನ ಮೇಲೆ ವೈಟ್‌ಬೋರ್ಡ್ ಮಾರ್ಕರಿನಿಂದ ಒಂದು ದಪ್ಪ ಗೆರೆ ಎಳೆ. ಗೆರೆ ನೆಟ್ಟಗೆ ನಿಂತು ಕ್ಲಬ್ಬಿನ ಕಡೆಗೆ ಮುಖ ಮಾಡುವ ಹಾಗೆ ಚೆಂಡು ಇಟ್ಟು 7 ನಂಬರ್ ಐರನ್ನಿನಲ್ಲಿ, ಅಂದರೆ ಚಪ್ಪಟೆ ಲೋಹದ ತಲೆಯ ಕ್ಲಬ್ಬಿನಲ್ಲಿ, ಹೊಡೆ. ಮಸಿ ಕ್ಲಬ್ಬಿನ ಮುಖಕ್ಕೆ ಅಂಟುತ್ತದೆ. ಅಲ್ಲೂ ಗೆರೆ ನೆಟ್ಟಗಿದ್ದರೆ ಕೋನ ಸರಿ. ಮೇಲ್ತುದಿ ಕ್ಲಬ್ಬಿನ ಹೊರತುದಿಯ ಕಡೆ ವಾಲಿದ್ದರೆ ಕ್ಲಬ್ ತೀರಾ ನೆಟ್ಟಗಾಯಿತು, ಚೆಂಡು ಎಡಕ್ಕೆ ಎಳೆಯುತ್ತದೆ. ಶಾಫ್ಟಿನ ಕಡೆ ವಾಲಿದ್ದರೆ ತೀರಾ ಮಲಗಿದ್ದು, ಚೆಂಡು ಬಲಕ್ಕೆ. ಒಂದೇ ಹೊಡೆತ ನೋಡಿ ತೀರ್ಮಾನ ಮಾಡಬೇಡ. ಒರೆಸಿ ಒರೆಸಿ ಹೊಡೆ, ಎಲ್ಲಿ ಜಾಸ್ತಿ ಮಸಿ ಬೀಳುತ್ತದೆ ನೋಡು.

ನೀನು ಆರಡಿ ಎತ್ತರ ಇದ್ದೀಯ ಎಂದು ಅಂಗಡಿಯವನು ಸೀದಾ ಉದ್ದ ಕ್ಲಬ್ ಎತ್ತಿ ಕೊಡಬಹುದು. ಒಪ್ಪಬೇಡ. ನಿನ್ನ ಕೈಗಳೂ ಉದ್ದ. ಮಣಿಕಟ್ಟಿನಿಂದ ನೆಲಕ್ಕೆ ಎಷ್ಟು ಎಂದು ಅಳೆಯಲು ಹೇಳು. ಪಿಂಗ್ ಕಂಪನಿಯ ಹಳೆ ಐರನ್ ಸಿಕ್ಕಿದರೆ ಮೇಲಿರುವ ಬಣ್ಣದ ಚುಕ್ಕೆ ನೋಡಿಕೋ. ಅದು ಅಲಂಕಾರಕ್ಕೆ ಇಟ್ಟದ್ದಲ್ಲ, ಇದೇ ಕೋನದ ಗುರುತು. ಕಪ್ಪು ಅಂದರೆ ಮಾಮೂಲಿ ಕೋನ.

ಹಿಂಬದಿ ಟೊಳ್ಳಾಗಿರುವ ಕ್ಯಾವಿಟಿ ಬ್ಯಾಕ್ ಐರನ್ ತಗೋ, ಅದರಲ್ಲಿ ಚರ್ಚೆಯೇ ಬೇಡ. ಭಾರ ಅಂಚಿಗೆ ಹೋಗಿರುವುದರಿಂದ ಸ್ವಲ್ಪ ಆಚೀಚೆ ತಾಗಿದರೂ ಚೆಂಡು ಹೋಗುತ್ತದೆ. ಆದರೆ ಹೊಸ ಐರನ್ 10 ಗಜ ಜಾಸ್ತಿ ಹೊಡೆಯಿತು ಎಂದು ಮರುಳಾಗಬೇಡ. ಹಿಂದೆ 7 ನಂಬರಿಗೆ ಸುಮಾರು 34 ಡಿಗ್ರಿ ಲಾಫ್ಟ್, ಅಂದರೆ ಮುಖ ಹಿಂದಕ್ಕೆ ವಾಲಿರುವ ಕೋನ, ಇರುತ್ತಿತ್ತು, ಈಗ ಹಲವು ಸೆಟ್ಟಿನಲ್ಲಿ 30ಕ್ಕಿಂತ ಕಡಿಮೆ. ಲಾಫ್ಟ್ ಇಳಿದದ್ದಕ್ಕೇ ದೂರ ಹೋಗುವುದು, ನಂಬರ್ ಮಾತ್ರ ಹಳೆಯದು!

ಹತ್ತಿರದಿಂದ ಚೆಂಡು ಎತ್ತಿ ಹೊಡೆಯುವ ಕ್ಲಬ್ಬಾದ ವೆಜ್ ವಿಷಯದಲ್ಲಿ ನಮ್ಮ ನೆಲವನ್ನು ಮರೆಯಬೇಡ. ನೀನು ಕಡಿದಾಗಿ ಇಳಿಸಿ ದೊಡ್ಡ ಹೆಂಟೆಯನ್ನೇ ಎಬ್ಬಿಸುವವನು. ಅಂಥವರಿಗೆ ಬೌನ್ಸ್, ಅಂದರೆ ಕ್ಲಬ್ಬಿನ ಅಡಿಭಾಗದ ಉಬ್ಬಿನ ಕೋನ, 10, 12 ಡಿಗ್ರಿ ಇರುವುದು ಒಳ್ಳೆಯದು, ನೆಲಕ್ಕೆ ಹುಗಿಯುವುದಿಲ್ಲ. ಮಂಗಳೂರಿನ ಪಿಲಿಕುಳದ ಗಾಲ್ಫ್ ಮೈದಾನದಲ್ಲಿ ಮಳೆಗಾಲದ ಮೆತ್ತನೆ ನೆಲಕ್ಕೂ ಅದೇ ಸರಿ. ಬೇಸಗೆಯಲ್ಲಿ ಕೆಂಪು ನೆಲ ಒಣಗಿ ಗಟ್ಟಿಯಾದಾಗ ಸ್ವಲ್ಪ ಎಗರಬಹುದು, ಸಹಿಸಿಕೋ.

ಡ್ರೈವರ್ ಕೊನೆಗೆ ತಗೋ. 9 ಡಿಗ್ರಿಯದು ಬೇಡ, 10.5 ಅಥವಾ 12 ಇರಲಿ. ಲಾಫ್ಟ್ ಜಾಸ್ತಿ ಇದ್ದಷ್ಟು ಚೆಂಡು ಬಲಕ್ಕೆ ತಿರುಗುವುದು ಕಡಿಮೆ. ದುಬೈಯಲ್ಲಿ ರಡಾರ್ ಯಂತ್ರ ಇಟ್ಟು ವೇಗ ಅಳೆದು ಕೊಡುವ ಅಂಗಡಿಗಳಿವೆ, ಒಂದಕ್ಕೆ ಹೋಗಿ ಬಾ. ಅಲ್ಲಿ ಹುಡುಗರು ನೋಡುತ್ತಿದ್ದಾರೆ ಎಂದು ಜೋರಾಗಿ ಬೀಸಬೇಡ. ಯಂತ್ರ ಆ ಸುಳ್ಳು ಸ್ವಿಂಗಿಗೇ ಕ್ಲಬ್ ಹೇಳುತ್ತದೆ.

ನನಗೆ ಏನು ತರಲಿ ಎಂದು ಕೇಳಿದ್ದೀಯಲ್ಲ, ಕ್ಲಬ್ಬಿನ ಹಿಡಿಕೆಗೆ ಹಾಕುವ, ನೂಲು ಸೇರಿಸಿದ ಕಾರ್ಡ್ ಗ್ರಿಪ್ ತಾ. ನಮ್ಮ ಸೆಕೆಗೆ ಬರೀ ರಬ್ಬರ್ ಜಾರುತ್ತದೆ. ಮಾಮೂಲಿ ದಪ್ಪ ಸಾಕು. ದಪ್ಪದ ಗ್ರಿಪ್ ಹಾಕಿದರೆ ನನಗೆ ಮಣಿಕಟ್ಟು ತಿರುಗುವುದಿಲ್ಲ. ಹಣ ಇಲ್ಲಿ ಬಂದ ಮೇಲೆ ಕೊಡುತ್ತೇನೆ, ಬೇಡ ಅನ್ನಬಾರದು.

ನಿನ್ನ,
ಪೆರ್ಲದ ಗೆಳೆಯ