ಔಷಧ ಸಿಗದೆ ಮರಳಿದವರ ಲೆಕ್ಕವೂ ಇರಲಿ

ಮಾನ್ಯರೇ,

ತುಮಕೂರು ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ಹಲವು ವರ್ಷ ದುಡಿದು ನಿವೃತ್ತನಾದವನು ನಾನು. ದಾಸ್ತಾನು ಇಂತಿಷ್ಟು ಮಟ್ಟಕ್ಕೆ ಇಳಿದ ಕೂಡಲೇ ಮತ್ತೆ ಇಂಡೆಂಟ್ (ಔಷಧ ಕೇಳುವ ಬೇಡಿಕೆ ಪತ್ರ) ಹಾಕುವಂತೆ ಕಂಪ್ಯೂಟರೇ ಸೂಚಿಸುವ ವ್ಯವಸ್ಥೆ ಒಳ್ಳೆಯದೇ; ಆದರೆ ಅದು ಸರಿಯಾಗಿ ನಡೆಯುತ್ತಿದೆಯೇ ಎಂಬುದನ್ನು ತಿಂಗಳ ಕೊನೆಯ ದಿನ ಕಪಾಟಿನಲ್ಲಿ ಎಷ್ಟಿದೆ ಎಂದು ನೋಡಿ ತೀರ್ಮಾನಿಸುವುದು ತಪ್ಪು.

ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ದಿನಕ್ಕೆ 200 ಬೇಕು, ಇಂಡೆಂಟ್ ಹಾಕಿದ ಮೇಲೆ ಸರಕು ಬರಲು 12 ದಿನ ಹಿಡಿಯುತ್ತದೆ ಎಂದುಕೊಳ್ಳೋಣ. ಹೆಚ್ಚುವರಿ ಮೀಸಲನ್ನು ಬಿಟ್ಟರೂ, 2,400 ಮಾತ್ರೆ ಉಳಿದಿರುವಾಗಲೇ ಇಂಡೆಂಟ್ ಹೋಗಬೇಕು. ಒಂದು ತಿಂಗಳಲ್ಲಿ 10 ದಿನ ಮಾತ್ರೆಯೇ ಇರಲಿಲ್ಲವೆಂದರೆ ವಿತರಣೆಯಾಗುವುದು 4,000 ಮಾತ್ರ. ಕಂಪ್ಯೂಟರ್ ಅದನ್ನು 30 ದಿನಕ್ಕೆ ಭಾಗಿಸಿ, ದಿನದ ಬೇಡಿಕೆ 133 ಎಂದು ಲೆಕ್ಕ ಹಾಕಿದರೆ, ಮುಂದಿನ ಬಾರಿ ದಾಸ್ತಾನು ಸುಮಾರು 1,600ಕ್ಕೆ ಇಳಿಯುವವರೆಗೂ ಸುಮ್ಮನಿರುತ್ತದೆ. ಅಷ್ಟು ಮಾತ್ರೆ 8 ದಿನಕ್ಕೇ ಖಾಲಿಯಾಗಿ, ಉಳಿದ 4 ದಿನ ರೋಗಿಗಳಿಗೆ ಹೊರಗಿನ ಅಂಗಡಿಗೆ ಚೀಟಿ ಬರೆದುಕೊಡಬೇಕಾಗುತ್ತದೆ. ಹೀಗೆ ಒಂದು ಕೊರತೆ ಮತ್ತೊಂದು ಕೊರತೆಯನ್ನು ತರುತ್ತದೆ, ವರದಿಯಲ್ಲಿ ಮಾತ್ರ ಬೇಡಿಕೆಯೇ ತಗ್ಗಿದಂತೆ ಕಾಣುತ್ತದೆ. ಒಂದು ದಿನದ ಕೂಲಿ ಬಿಟ್ಟು ಬಂದಿದ್ದ ಅಜ್ಜಿಯೊಬ್ಬರನ್ನು ನಾನೇ ಬರಿಗೈಯಲ್ಲಿ ಕಳುಹಿಸಿದ್ದು ಯಾವ ರಿಜಿಸ್ಟರಿನಲ್ಲೂ ಇಲ್ಲ. ಅದು ಇಂದಿಗೂ ನನ್ನನ್ನು ನೋಯಿಸುತ್ತದೆ.

ಆದ್ದರಿಂದ ವೈದ್ಯರು ಬರೆದದ್ದೆಷ್ಟು, ಕೊಟ್ಟದ್ದೆಷ್ಟು, ಯಾವ ಔಷಧ ಎಷ್ಟು ದಿನ ಇರಲಿಲ್ಲ ಎಂಬುದನ್ನು ದಿನವೂ ದಾಖಲಿಸಬೇಕು; ಬೇಡಿಕೆಯ ಸರಾಸರಿಯನ್ನು ಔಷಧ ಇದ್ದ ದಿನಗಳಿಂದಷ್ಟೇ ತೆಗೆಯಬೇಕು. ನೂರರಲ್ಲಿ ತೊಂಬತ್ತೈದು ಔಷಧಗಳು ಲಭ್ಯವಿವೆ ಎಂಬ ಅಂಕಿಯೂ ಸಾಲದು. ನಾಯಿ ಕಚ್ಚಿದವರು ಮೊದಲ ಚುಚ್ಚುಮದ್ದಿನ ನಂತರ ವೈದ್ಯರು ಹೇಳಿದ ನಿಗದಿತ ದಿನಗಳಲ್ಲೂ ಬರಲೇಬೇಕು. ಆ ಲಸಿಕೆ ಒಂದು ದಿನ ಇಲ್ಲದಿರುವುದನ್ನೂ ಅಸಿಡಿಟಿ ಮಾತ್ರೆ ಒಂದು ದಿನ ಇಲ್ಲದಿರುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಹಾಗೆಂದು ಕೊರತೆಗೆ ಹೆದರಿ ಬೇಕಾದ್ದಕ್ಕಿಂತ ಹೆಚ್ಚು ತರಿಸಿದರೆ ಅವಧಿ ಮೀರಿ ಹಾಳಾಗುತ್ತದೆ. ಹಾಗಾಗಿ ಅವಧಿ ಮೀರಿದ ಸರಕಿನ ಮೌಲ್ಯವನ್ನೂ ಅದೇ ವರದಿಯಲ್ಲಿ ತೋರಿಸಬೇಕು.

ಕೇಳಿದ ಪ್ರಮಾಣವೇ ಬಂತೇ, ಇಂಡೆಂಟ್ ಹಾಕಿದ ಎಷ್ಟನೇ ದಿನ ಬಂತು ಎಂಬ ವಿವರ ರಿಜಿಸ್ಟರಿನಲ್ಲಿ ಈಗಾಗಲೇ ಇರುತ್ತದೆ. ಅದರ ಪಕ್ಕದಲ್ಲಿ ‘ಇಲ್ಲವೆಂದು ಮರಳಿದವರು’ ಎಂಬ ಒಂದು ಕಾಲಂ ಸೇರಿಸಿ, ಪ್ರತಿ ತಿಂಗಳು ಆಸ್ಪತ್ರೆಯ ಮೇಲ್ವಿಚಾರಣೆ ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿಯ ಮುಂದೆ ಇಡಬೇಕೆಂದು ಜಿಲ್ಲೆಯ ಆರೋಗ್ಯ ಅಧಿಕಾರಿಗಳಲ್ಲಿ ವಿನಂತಿಸುತ್ತೇನೆ.

– ನಿವೃತ್ತ ಫಾರ್ಮಸಿ ಅಧಿಕಾರಿ, ಮಧುಗಿರಿ